ಕಲಬುರ್ಗಿಯ ಜಗತ್ ಚೌಕವೂ ಪುರಭವನವೂ

ಮನೆಗೆ ಪಡಸಾಲೆ ಹೇಗೋ ಊರಿಗೆ ಚೌಕವು ಹಾಗೆ. ಅಡುಗೆಯ ಮನೆಯೂ ದೇವರ ಮನೆಯೂ ಮನೆಯವರಿಗೆ ಮೀಸಲು. ಪಡಸಾಲೆಯು ಬಂದವರೆಲ್ಲರಿಗೂ ಸೇರಿದುದು. ಮಳೆಗೆ ನಿಂತ ದಾರಿಹೋಕನು ಕೂಡ ಅಲ್ಲಿ ಒಂದು ಗಳಿಗೆ ಕುಳಿತು ನೀರು ಕುಡಿದು ಹೋಗುವನು. ಮನೆಯ ಯಜಮಾನನ ಸ್ವಭಾವವನ್ನು ತಿಳಿಯಬೇಕಾದರೆ ಪಡಸಾಲೆಯನ್ನು ನೋಡಬೇಕೆಂದು ಹಿರಿಯರು ಹೇಳುವುದುಂಟು. ಒಂದು ಪಟ್ಟಣವು ಯಾರದು, ಅಲ್ಲಿ ಯಾರ ಮಾತು ನಡೆಯುವುದು, ಯಾರ ಹೆಸರನ್ನು ಅದು ನೆನೆಯುವುದು ಎಂಬುದನ್ನು ತಿಳಿಯಬೇಕಾದರೆ ಅದರ ಚೌಕವನ್ನು ನೋಡಬೇಕು. ಈ ಎಣಿಕೆಯಿಂದಲೇ ಕಲಬುರ್ಗಿಯನ್ನು ನೋಡಿಬಂದೆವು. ಅದರ ವೃತ್ತಾಂತವನ್ನು ವಾಚಕರ ಮುಂದಿಡುವೆನು.

ಕಲಬುರ್ಗಿಯೆಂದೊಡನೆ ಬಹು ಜನರಿಗೆ ನೆನಪಾಗುವುದು ಕೋಟೆ, ದರ್ಗಾ, ಶರಣಬಸವೇಶ್ವರನ ಗುಡಿ, ಇವುಗಳ ಜತೆಗೆ ಬಿಸಿಲು. ಈ ನಾಲ್ಕೂ ನಿಜವೇ. ಬಿಸಿಲಿಗೆ ಅಂಜುವವರು ಮಾರ್ಗಶಿರ ಪುಷ್ಯಗಳಲ್ಲಿ ಹೋಗುವುದು ಲೇಸು. ಮುಂಬಯಿಯಿಂದ ಮದ್ರಾಸಿಗೆ, ಎಂದರೆ ಇಂದಿನ ಚೆನ್ನೈಗೆ, ಹೋಗುವ ಹಳೆಯ ರೈಲುದಾರಿಯ ಮೇಲೆ ಈ ಊರು ಇದೆ. ಬೆಂಗಳೂರಿನಿಂದ ರಾತ್ರಿ ಹೊರಟವರು ಬೆಳಗಾಗುವಾಗ ವಾಡಿಯನ್ನು ದಾಟಿ ಇಲ್ಲಿ ಇಳಿಯಬಹುದು. ಗಾಡಿಯ ಕಿಟಕಿಯಿಂದ ಎರಡು ಕಡೆಯೂ ಕಾಣುವುದು ಕರಿಯ ಎರೆಯ ಹೊಲ, ತೊಗರಿಯ ಪೈರು, ನಡುನಡುವೆ ಹಾಸುಗಲ್ಲಿನ ಗಣಿ. ನಮ್ಮ ನಿಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿನ ಫರಸಿಯು ಈ ಜಿಲ್ಲೆಯದು. ಸಾರಿಗೆ ಹಾಕುವ ತೊಗರಿಯ ಬೇಳೆಯಲ್ಲಿಯೂ ಈ ಜಿಲ್ಲೆಯದಕ್ಕೆ ವಿಶೇಷವಾದ ಹೆಸರುಂಟು. ೨೦೧೯ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆದುದರಿಂದ ಕಲಬುರ್ಗಿಯನ್ನು ನೋಡದ ಗೃಹಿಣಿಗೂ ಕಲಬುರ್ಗಿಯ ಪರಿಚಯವು ಕಾಲಕೆಳಗೂ ಎಲೆಯ ಮೇಲೂ ಇದ್ದೇ ಇರುವುದು.

ನಿಲ್ದಾಣದಿಂದ ಊರೊಳಕ್ಕೆ ಬರುವಾಗ ಮೊದಲು ಸಿಕ್ಕುವುದು ಸರದಾರ ವಲ್ಲಭಭಾಯಿ ಪಟೇಲರ ಹೆಸರಿನ ವೃತ್ತ. ಪಟೇಲರ ಪ್ರತಿಮೆಯು ಅಲ್ಲಿದೆ. ಪ್ರತಿ ವರುಷವೂ ಸೆಪ್ಟೆಂಬರ್ ೧೭ರಂದು ಈ ಪ್ರತಿಮೆಗೆ ಮಾಲೆ ಹಾಕುವರು. ದೇಶಕ್ಕೆಲ್ಲ ೧೯೪೭ರ ಆಗಸ್ಟ್ ೧೫ರಂದು ಬಂದ ಸ್ವಾತಂತ್ರ್ಯವು ಈ ಭಾಗಕ್ಕೆ ಬರಲು ಒಂದು ವರುಷಕ್ಕೂ ಮಿಕ್ಕಿ ತಡವಾಯಿತೆಂಬುದನ್ನು ಹೊರಗಿನವರು ಮರೆಯುವುದುಂಟು. ಕಲಬುರ್ಗಿಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಿತು. ಭಾರತದ ಸೈನ್ಯವು ೧೯೪೮ರ ಸೆಪ್ಟೆಂಬರ್ ೧೩ರಂದು ಸಂಸ್ಥಾನವನ್ನು ಹೊಕ್ಕು, ೧೭ರಂದು ನಿಜಾಮರು ಶರಣಾದ ಮೇಲೆ ಇಲ್ಲಿಯವರು ಸ್ವತಂತ್ರ ಭಾರತದ ಪ್ರಜೆಗಳಾದರು. ಆ ವರುಷದ ದುಃಖವೂ ಸಣ್ಣದಲ್ಲ. ಮೊದಲು ರಜಾಕಾರರ ಹಾವಳಿಯಲ್ಲಿ ಮನೆಗಳು ಬೆಂದುವು. ಸೈನ್ಯವು ಬಂದ ಮೇಲೆ ನಡೆದ ಸೇಡಿನಲ್ಲಿ ಏನೂ ಅರಿಯದ ಮುಸಲ್ಮಾನ ಸಂಸಾರಗಳು ನೊಂದುವು. ಎರಡು ಕಡೆಯ ಕಣ್ಣೀರೂ ಈ ನೆಲದಲ್ಲಿಯೇ ಇಂಗಿದೆ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ನಡೆದರೆ ಈ ಊರಿನ ಚೌಕದ ಬೆಲೆಯು ಚೆನ್ನಾಗಿ ತಿಳಿಯುವುದು.

ನಿಲ್ದಾಣದ ಬೀದಿಯಲ್ಲಿ ಮುಂದೆ ಸಾಗಿದರೆ ಜಗತ್ ಚೌಕವು ಸಿಕ್ಕುವುದು, ಪುರಭವನವಿರುವುದು ಅಲ್ಲಿಯೇ. ಆದರೆ ಹಳೆಯದನ್ನು ನೋಡಿಕೊಂಡು ಹೊಸದಕ್ಕೆ ಬರುವುದೇ ಕ್ರಮವೆಂದು ನಾವು ಅದನ್ನು ಹಾಗೆಯೇ ದಾಟಿ ಮೊದಲು ಕೋಟೆಗೆ ಹೋದೆವು.

ಕೋಟೆಯ ಸುತ್ತಲೂ ಅಗಲವಾದ ಕಂದಕ, ಅದರ ಹಿಂದೆ ದಪ್ಪನೆಯ ಎರಡು ಗೋಡೆ. ರಾಜಾ ಗುಲಚಂದನೆಂಬವನು ಇದನ್ನು ಮೊದಲು ಕಟ್ಟಿಸಿದನೆಂದು ಪ್ರತೀತಿ. ೧೩೪೭ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಹನು ದಿಲ್ಲಿಯ ತುಘಲಕರ ಅಧೀನವನ್ನು ಕಿತ್ತೊಗೆದು ದೌಲತಾಬಾದಿನಲ್ಲಿ ಪಟ್ಟಕ್ಕೆ ಬಂದು, ಕಲಬುರ್ಗಿಯನ್ನು ತನ್ನ ರಾಜಧಾನಿಯಾಗಿ ಮಾಡಿಕೊಂಡನು. ಊರಿಗೆ ಅಹಸನಾಬಾದ್ ಎಂಬ ಹೆಸರೂ ಬಂದಿತು. ಅಂದಿನಿಂದ ಸುಮಾರು ಮುಕ್ಕಾಲು ಶತಮಾನ ದಖ್ಖನದ ದೊಡ್ಡ ರಾಜ್ಯವೊಂದರ ಆಜ್ಞೆಗಳೆಲ್ಲವೂ ಈ ಗೋಡೆಗಳ ಒಳಗಿನಿಂದ ಹೊರಟುವು. ನಡುವೆ ಎತ್ತರವಾಗಿ ನಿಂತಿರುವ ಬಾಲಾ ಹಿಸ್ಸಾರ್ ಎಂಬ ಭಾರಿಯ ಕಟ್ಟಡವನ್ನು ಕೆಳಗಿನಿಂದ ನೋಡಿದರೇ ಎದೆ ಝಲ್ಲೆನ್ನುವುದು. ಬತ್ತೇರಿಗಳ ಮೇಲೆ ತೋಪುಗಳು ಇಂದಿಗೂ ಮಲಗಿವೆ.

ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೋಡದೆ ಯಾರೂ ಹಿಂದಿರುಗಲಾಗದು. ಅದರ ಒಂದು ಕಡೆಯ ಅಳತೆ ೨೧೬ ಅಡಿ, ಇನ್ನೊಂದು ಕಡೆಯದು ೧೭೬ ಅಡಿ. ಇತರ ದೊಡ್ಡ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳವಿದ್ದು ಸುತ್ತಲೂ ಮೊಗಸಾಲೆಗಳಿರುವುವು. ಇಲ್ಲಿ ಹಾಗಲ್ಲ, ಅಂಗಳವೆಂಬುದೇ ಇಲ್ಲ. ಇಡೀ ಜಾಗವನ್ನು ಸಣ್ಣ ಸಣ್ಣ ಗುಮ್ಮಟಗಳ ಸಾಲಿನಿಂದ ಮುಚ್ಚಿ, ನಾಲ್ಕು ಮೂಲೆಗಳಲ್ಲಿ ನಾಲ್ಕು ಗುಮ್ಮಟಗಳನ್ನೂ ಪಡುವಲ ಕಡೆಗೆ ಒಂದು ಮಹಾ ಗುಮ್ಮಟವನ್ನೂ ಎತ್ತಿರುವರು. ಒಳಗೆ ಕಾಲಿಟ್ಟೊಡನೆ ಹೊರಗಿನ ಉರಿಬಿಸಿಲು ಮರೆತುಹೋಗುವುದು. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು. ಎಲ್ಲಿ ನಿಂತರೂ ಬಿಳಿಯ ಗೋಡೆಗಳ ಮೇಲೆ ತಿಳಿಬೆಳಕು ಹರಡಿರುವುದು. ಮಕ್ಕಳು ಸದ್ದು ಮಾಡದೆ ಕಂಬದಿಂದ ಕಂಬಕ್ಕೆ ನಡೆದಾಡಿದರು. ಯಾರೂ ಅವರಿಗೆ ಸುಮ್ಮನಿರಿ ಎಂದು ಹೇಳಬೇಕಾಗಲಿಲ್ಲ. ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಷಹನ ಕಾಲದಲ್ಲಿ, ೧೩೬೭ರಲ್ಲಿ, ಇರಾನದ ಕಜ್ವೀನ್ ಊರಿನ ರಫಿ ಎಂಬವನು ಇದನ್ನು ಕಟ್ಟಿದನೆಂದು ಶಿಲಾಲೇಖವು ಹೇಳುವುದು. ಕಟ್ಟಿದವನ ಹೆಸರು ಉಳಿದುದು ಸಂತೋಷದ ವಿಷಯ. ಕಲ್ಲು ಹೊತ್ತವರ, ಗಾರೆ ಅರೆದವರ, ಅವರಿಗೆ ರೊಟ್ಟಿ ಬಡಿದು ತಂದುಕೊಟ್ಟವರ ಹೆಸರುಗಳು ಮಾತ್ರ ಎಲ್ಲಿಯೂ ಇಲ್ಲ. ಅಂದಿನ ಲೋಕದ ಪದ್ಧತಿಯೇ ಅದು. ಊರು ರಾಜನದು, ಕಲ್ಲಿನ ಮೇಲೆ ಕೊರೆಯುವ ಹೆಸರೂ ಅವನದು, ಅವನು ಮೆಚ್ಚಿದವನದು.

ಊರು ರಾಜನದಾದರೆ ಚೌಕವೂ ಅವನದೇ. ಇದಕ್ಕೆ ಕಲಬುರ್ಗಿಯ ಚರಿತ್ರೆಯಲ್ಲಿಯೇ ಒಂದು ನಿದರ್ಶನವುಂಟು. ತೈಮೂರನು ದಿಲ್ಲಿಯ ಮೇಲೆ ಬಿದ್ದ ಕಾಲದಲ್ಲಿ ಅಲ್ಲಿಂದ ಹೊರಟ ಸೂಫಿ ಸಂತ ಸೈಯದ್ ಮಹಮ್ಮದ್ ಹುಸೇನಿ ಗೇಸೂದರಾಜರು ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಕಲಬುರ್ಗಿಗೆ ಬಂದರು. ಜನರು ಅವರನ್ನು ಬಂದೇ ನವಾಜ್ ಎಂದು ಕರೆದರು. ದೀನರನ್ನು ಸಲಹುವವನು ಎಂದು ಅದರ ಭಾವ. ಆಗ ಆಳುತ್ತಿದ್ದವನು ಫಿರೋಜ್ ಷಹ. ಅವನ ಆಳಿಕೆಯು ೧೩೯೭ರಿಂದ ೧೪೨೨ರ ವರೆಗೆ. ಅವನು ಹಲವು ಭಾಷೆಗಳನ್ನು ಬಲ್ಲ ವಿದ್ವಾಂಸ. ಮೊದಮೊದಲು ಸಂತರನ್ನು ಆದರದಿಂದ ಬರಮಾಡಿಕೊಂಡನು. ಅವರ ಖಾನಕಾಹ್, ಎಂದರೆ ಆಶ್ರಮವು, ಕೋಟೆಯ ಹತ್ತಿರದಲ್ಲಿಯೇ ಇದ್ದಿತು. ದಿನದಿನಕ್ಕೆ ಅಲ್ಲಿ ಜನರ ಸಂದಣಿಯು ಬೆಳೆಯಿತು. ಅರಮನೆಯ ಬಾಗಿಲಲ್ಲಿ ಇಷ್ಟು ಜನ ನೆರೆಯುವುದು ಕೋಟೆಯ ಕ್ಷೇಮಕ್ಕೆ ಒಳ್ಳೆಯದಲ್ಲವೆಂದು ದೊರೆಗೆ ತೋರಿತು. ದೂರ ಹೋಗಬೇಕೆಂದು ಹೇಳಿಸಿದನು. ಸಂತರು ಮರುಮಾತಾಡದೆ ಊರಿನ ಮೂಡಲಿಗೆ ಸರಿದರು. ಇಂದು ದರ್ಗಾ ಇರುವುದು ಆ ಕಡೆಯಲ್ಲಿಯೇ.

ಇದೇ ವರುಷಗಳಲ್ಲಿ ಭೂಮಿಯ ಇನ್ನೊಂದು ಮೂಲೆಯಲ್ಲಿ ನಡೆಯುತ್ತಿದ್ದುದನ್ನು ನೆನೆದರೆ ಸೋಜಿಗವಾಗುವುದು. ಯೂರೋಪಿನ ಬ್ರಸೆಲ್ಸ್ ನಗರದಲ್ಲಿ ಪಟ್ಟಣಿಗರು ತಮ್ಮ ಸಂತೆಯ ಚೌಕದಲ್ಲಿ ೧೪೦೨ರಲ್ಲಿ ಪುರಭವನಕ್ಕೆ ಅಡಿಪಾಯ ಹಾಕಿದರು. ಅದರ ಕಲ್ಲಿನ ಗೋಪುರವು ೧೪೫೫ರಲ್ಲಿ ಮುಗಿಯಿತು. ಮುನ್ನೂರು ಅಡಿಗೂ ಎತ್ತರ. ಅರಮನೆಯಲ್ಲದ, ಗುಡಿಯಲ್ಲದ ಒಂದು ಕಟ್ಟಡಕ್ಕೆ ಅಷ್ಟು ದೊಡ್ಡ ಗೋಪುರವನ್ನು ಇಟ್ಟುದು ಅಲ್ಲಿಯ ವರ್ತಕರ ಮತ್ತು ಕಸಬಿನವರ ಹೆಮ್ಮೆ. ೧೬೯೫ರಲ್ಲಿ ಫ್ರೆಂಚರ ತೋಪುಗಳು ಆ ಚೌಕವನ್ನೆಲ್ಲ ಸುಟ್ಟುವು; ಕಸಬಿನ ಸಂಘಗಳು ಕೆಲವೇ ವರುಷಗಳಲ್ಲಿ ತಮ್ಮ ಮನೆಗಳನ್ನು ಮತ್ತೆ ಎತ್ತಿ ನಿಲ್ಲಿಸಿದುವು. ಚೌಕವು ತಮ್ಮದೆಂದು ಜನರು ತಿಳಿದಾಗ ಅದು ಬಿದ್ದರೂ ಏಳುವುದೆಂಬುದಕ್ಕೆ ಇದು ಸಾಕ್ಷಿ.

ನಮ್ಮಲ್ಲಿ ಅಂತಹುದು ಇರಲಿಲ್ಲವೆಂದು ಯಾರೂ ಕುಗ್ಗಬೇಕಾಗಿಲ್ಲ. ರಾಜನು ಚೌಕವನ್ನು ಕೊಡದ ಕಡೆ ಸಂತರು ಚೌಕವನ್ನು ಮಾಡಿಕೊಟ್ಟರು. ಬಂದೇ ನವಾಜರು ೧೪೨೨ರಲ್ಲಿ ದೇಹವನ್ನು ಬಿಟ್ಟರು; ಫಿರೋಜ್ ಷಹನು ತೀರಿಕೊಂಡುದೂ ಅದೇ ವರುಷವೇ. ಅವನ ತಮ್ಮ ಅಹಮದ್ ಷಹನು ಸಂತರ ಭಕ್ತ. ಪಟ್ಟಕ್ಕೆ ಬಂದ ಕೆಲವು ವರುಷಗಳಲ್ಲಿ ರಾಜಧಾನಿಯನ್ನು ಬೀದರಕ್ಕೆ ಒಯ್ದನು. ಫಿರೋಜನ ಭವ್ಯವಾದ ಗೋರಿಯು ಹಫ್ತ್ ಗುಮ್ಮಟಗಳ ಗುಂಪಿನಲ್ಲಿದೆ. ನಾವು ಹೋದಾಗ ಅಲ್ಲಿ ಪಾರಿವಾಳಗಳ ಹೊರತು ಮತ್ತಾರೂ ಇರಲಿಲ್ಲ. ದರ್ಗಾದಲ್ಲಿಯಾದರೋ ಕಾಲಿಡಲು ಸ್ಥಳವಿರಲಿಲ್ಲ. ಕುಂಕುಮವಿಟ್ಟವರು, ಬುರುಖಾ ತೊಟ್ಟವರು, ಹಳ್ಳಿಯ ರೈತರು, ಕೈಗೂಸಿನ ತಾಯಂದಿರು, ಎಲ್ಲರೂ ಹೂವಿನ ಬುಟ್ಟಿಯನ್ನು ಹಿಡಿದು ನಿಂತಿದ್ದರು. ದೊರೆಯು ದೂರ ಕಳುಹಿಸಿದ ಸಂದಣಿಯು ಆರುನೂರು ವರುಷಗಳಾದರೂ ಚದುರಿಲ್ಲ.

ಕೋಟೆಯ ಸನಿಹದಲ್ಲಿರುವ ಶರಣಬಸವೇಶ್ವರರ ಗುಡಿಯ ಕಥೆಯೂ ಇಂತಹುದೇ. ಜೇವರ್ಗಿಯ ಕಡೆಯ ಅರಳಗುಂಡಿಗಿಯಲ್ಲಿ ೧೭೪೬ರಲ್ಲಿ ಹುಟ್ಟಿದ ಶರಣಬಸವರು ಒಕ್ಕಲುತನದವರು. ಹೊಲದಲ್ಲಿ ಕಾಳಿಗೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ನೀರನ್ನೂ ಇಟ್ಟರೆಂದು ಜನರು ಹೇಳುವರು. ಮುಂದೆ ಕಲಬುರ್ಗಿಗೆ ಬಂದು ದಾಸೋಹವನ್ನು ನಡೆಸಿದರು. ಹಸಿದು ಬಂದವನನ್ನು ಜಾತಿ ಯಾವುದೆಂದು ಕೇಳಲಿಲ್ಲ. ೧೮೨೨ರಲ್ಲಿ ಲಿಂಗೈಕ್ಯರಾದರು. ಹೋಳಿಯು ಕಳೆದ ಮೇಲೆ ಬರುವ ಅವರ ತೇರಿಗೆ ಜಿಲ್ಲೆಗೆ ಜಿಲ್ಲೆಯೇ ನೆರೆಯುವುದು. ಗುಡಿಯ ಬಳಿಯ ಅಪ್ಪನ ಕೆರೆಯ ದಂಡೆಯಲ್ಲಿ ಸಂಜೆಯ ಹೊತ್ತು ಮಕ್ಕಳು ಮುದುಕರು ಕೂಡಿ ಗಾಳಿ ಸೇವಿಸುವರು. ಒಂದು ಊರಿನ ಎರಡು ಪಡಸಾಲೆಗಳೆಂದರೆ ಇವೇ.

ಸಂಜೆಯ ವೇಳೆಗೆ ಜಗತ್ ಚೌಕಕ್ಕೆ ಹಿಂದಿರುಗಿ ಬಂದೆವು. ಜಗತ್ತೆಂದರೆ ಲೋಕ, ಚೌಕಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ. ಹಲವು ಕಡೆಯಿಂದ ಬಂದ ಬೀದಿಗಳು ಇಲ್ಲಿ ಕೂಡುವುವು. ಆಟೋಗಳ ಕೂಗು, ಮೋಟಾರು ಸೈಕಲ್ಲುಗಳ ಹೊಗೆ, ತಳ್ಳುಗಾಡಿಯವರ ಕರೆ. ಒಂದು ಗಾಡಿಯಲ್ಲಿ ಕಮಲಾಪುರದ ಕೆಂಬಾಳೆಯ ಚಿಪ್ಪುಗಳಿದ್ದುವು. ಕಮಲಾಪುರವು ಕಲಬುರ್ಗಿಯಿಂದ ಬೀದರಕ್ಕೆ ಹೋಗುವ ದಾರಿಯ ಊರು. ಅಲ್ಲಿಯ ಬಾಳೆಯ ಹಣ್ಣಿನ ಸಿಪ್ಪೆಯು ಕೆಂಪು, ತಿರುಳು ಸಿಹಿ. ಬೆಲೆಯು ಉಳಿದ ಬಾಳೆಯದಕ್ಕಿಂತ ಹೆಚ್ಚಾದರೂ ಮಕ್ಕಳ ಹಟಕ್ಕೆ ಕೊಳ್ಳಬೇಕಾಯಿತು. ತಿಂದ ಮೇಲೆ ಯಾರೂ ಬೆಲೆಯ ಮಾತೆತ್ತಲಿಲ್ಲ. ಒಂದು ಅಂಗಡಿಯಲ್ಲಿ ಕನ್ನಡ, ಪಕ್ಕದಲ್ಲಿ ದಖನಿ ಉರ್ದು, ಅದರಾಚೆ ಮರಾಠಿ, ನಡುವೆ ತೆಲುಗಿನ ನಾಲ್ಕು ಮಾತು. ಒಬ್ಬನೇ ವ್ಯಾಪಾರಿಯು ಮೂರು ಗಿರಾಕಿಗಳೊಡನೆ ಮೂರು ಭಾಷೆಯಲ್ಲಿ ಚೌಕಾಶಿ ಮಾಡುವುದನ್ನು ಕಂಡೆವು.

ಚೌಕದಲ್ಲಿ ಡಾಕ್ಟರ್ ಅಂಬೇಡ್ಕರರ ಪ್ರತಿಮೆಯೂ ಬಸವೇಶ್ವರರ ಪ್ರತಿಮೆಯೂ ಇವೆ. ನಮ್ಮ ಮಗಳು ಬಹಳ ಹೊತ್ತು ನೋಡಿ, "ಅಪ್ಪಾ, ಇದು ರಾಜಧಾನಿಯಾಗಿತ್ತೆಂದು ಬೆಳಗ್ಗೆ ಹೇಳಿದಿರಲ್ಲ, ರಾಜನ ಬೊಂಬೆ ಏಕಿಲ್ಲ?" ಎಂದು ಕೇಳಿದಳು. ಮಕ್ಕಳ ಪ್ರಶ್ನೆಗಳು ಕೆಲವು ವೇಳೆ ಗುರಿಗೆ ನೇರವಾಗಿ ಹೋಗಿ ತಗಲುವುವು. ಈ ಊರಿನ ನಡುಮಧ್ಯದಲ್ಲಿ ನಿಂತಿರುವವರಲ್ಲಿ ಒಬ್ಬರು ಮಂತ್ರಿಯಾಗಿದ್ದೂ ಅರಸನ ಆಸ್ಥಾನಕ್ಕಿಂತ ಶರಣರ ಮಂಟಪವೇ ದೊಡ್ಡದೆಂದು ಬಗೆದವರು. ಇನ್ನೊಬ್ಬರು ಕೆರೆಯ ನೀರನ್ನು ಮುಟ್ಟಲು ಬಿಡದ ಕುಲದಲ್ಲಿ ಹುಟ್ಟಿ ದೇಶದ ಸಂವಿಧಾನವನ್ನು ಬರೆದ ಸಮಿತಿಯ ಅಧ್ಯಕ್ಷರಾದವರು.

ಬಸವಣ್ಣನವರ ಕಲ್ಯಾಣವು ದೂರವೇನಲ್ಲ. ಇಂದು ಬೀದರ ಜಿಲ್ಲೆಗೆ ಸೇರಿರುವ ಬಸವಕಲ್ಯಾಣಕ್ಕೆ ಇಲ್ಲಿಂದ ಒಪ್ಪೊತ್ತಿನ ದಾರಿ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಅನುಭವ ಮಂಟಪವು ನಡೆಯಿತೆಂದು ಶರಣರ ಪರಂಪರೆಯು ಹೇಳುವುದು. ಅಲ್ಲಮಪ್ರಭುಗಳು ಶೂನ್ಯಪೀಠದಲ್ಲಿ, ಮುಂದೆ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಚಮ್ಮಾರ ಹರಳಯ್ಯ, ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ. ದೋಣಿ ನಡೆಸುವವನೂ ಬಟ್ಟೆ ಒಗೆಯುವವನೂ ಹೆಂಗಸರೂ ಒಂದೇ ನೆಲದ ಮೇಲೆ ಕುಳಿತು ಮಾತಾಡಿದ ಸಭೆಯದು. ಬ್ರಸೆಲ್ಸಿನ ಗೋಪುರವು ಏಳುವುದಕ್ಕೆ ಇನ್ನೂರೈವತ್ತು ವರುಷ ಮೊದಲೇ ಕನ್ನಡ ನಾಡಿನಲ್ಲಿ ಇಂತಹ ಎಣಿಕೆಯು ಹುಟ್ಟಿದ್ದಿತು. ಅದಕ್ಕೆ ಕಲ್ಲಿನ ಗೋಪುರವು ಸಿಕ್ಕಲಿಲ್ಲ. ಜನರ ಮಾತಿನಲ್ಲಿಯೇ ಉಳಿದುಬಂದಿತು.

ಆ ಎಣಿಕೆಗೆ ಕಾಯಿದೆಯ ಬಲವು ಬರಲು ಎಂಟು ಶತಮಾನಗಳು ಹಿಡಿದುವು. ೧೯೫೨ರ ಚುನಾವಣೆಯಲ್ಲಿ ಹೈದರಾಬಾದ್ ರಾಜ್ಯದ ವಯಸ್ಸಿಗೆ ಬಂದ ಎಲ್ಲ ಹೆಣ್ಣು ಗಂಡುಗಳಿಗೂ ಮತದ ಹಕ್ಕು ದೊರೆಯಿತು. ೧೯೫೬ರ ನವೆಂಬರ್ ೧ರಂದು ಹೈದರಾಬಾದ್ ರಾಜ್ಯವು ಮೂರು ಪಾಲಾಗಿ, ಕಲಬುರ್ಗಿಯೂ ರಾಯಚೂರು ಬೀದರಗಳ ಕನ್ನಡದ ಸೀಮೆಯೂ ಕನ್ನಡಿಗರ ರಾಜ್ಯಕ್ಕೆ ಸೇರಿದುವು. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ೨೦೧೪ರ ನವೆಂಬರ್ ೧ರಂದು ಗುಲ್ಬರ್ಗಾ ಎಂಬ ಸರಕಾರಿ ಹೆಸರು ಹೋಗಿ, ಜನರ ಬಾಯಲ್ಲಿದ್ದ ಕಲಬುರಗಿಯೇ ಕಾಗದದ ಮೇಲೂ ಬಂದಿತು.

ಇನ್ನು ಪುರಭವನದ ಮಾತು. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ ಪುರಭವನವನ್ನೂ ಬೆಂಗಳೂರಿನಲ್ಲಿ ೧೯೩೫ರಲ್ಲಿ ತೆರೆದ ಪುಟ್ಟಣ್ಣಚೆಟ್ಟರ ಪುರಭವನವನ್ನೂ ವಾಚಕರು ನೋಡಿರಬಹುದು. ಅವುಗಳ ಕಂಬಗಳನ್ನು ಕಂಡವರು ಅದೇ ಸೊಬಗನ್ನು ಕಲಬುರ್ಗಿಯ ಟೌನ್ ಹಾಲಿನಲ್ಲಿ ಹುಡುಕಬೇಕಾಗಿಲ್ಲ. ಇದನ್ನು ನೋಡಬೇಕಾದುದು ಅಲ್ಲಿ ನಡೆಯುವ ಕೆಲಸಕ್ಕಾಗಿ. ಊರಿನ ಮಹಾನಗರ ಪಾಲಿಕೆಯ ಸಭೆಗಳು ಕೂಡುವ ಸ್ಥಳವಿದು. ಊರನ್ನು ೫೫ ವಾರ್ಡುಗಳಾಗಿ ವಿಂಗಡಿಸಿ, ಒಂದೊಂದರಿಂದ ಒಬ್ಬ ಸದಸ್ಯರನ್ನು ಜನರು ಆರಿಸಿ ಕಳುಹಿಸುವರು. ೨೦೨೧ರ ಸೆಪ್ಟೆಂಬರಿನಲ್ಲಿ ಹೀಗೆ ಚುನಾವಣೆಯು ನಡೆಯಿತು. ಕೊಳಾಯಿಯ ನೀರು, ಚರಂಡಿ, ಬೀದಿಯ ದೀಪ, ಕಸ, ಸಂತೆಯ ಕಟ್ಟೆ, ಮನೆಯ ಕಂದಾಯ, ಇವೇ ಇಲ್ಲಿಯ ರಾಜಕಾರಣ. ಕೋಟೆಯಲ್ಲಿ ವಿಜಯನಗರದ ಮೇಲಿನ ದಂಡಯಾತ್ರೆಗಳ ಆಲೋಚನೆಯು ನಡೆದಿದ್ದಿತು; ಇಲ್ಲಿ ನಡೆಯುವುದು ಕೊಳಾಯಿಯ ಆಲೋಚನೆ. ಯಾವುದು ದೊಡ್ಡದೆಂಬುದನ್ನು ಬೇಸಿಗೆಯಲ್ಲಿ ಬರಿಯ ಕೊಡವನ್ನು ಹಿಡಿದು ನಿಂತ ತಾಯಿಯನ್ನು ಕೇಳಬೇಕು.

ಸಂವಿಧಾನದ ೭೪ನೆಯ ತಿದ್ದುಪಡಿಯು ೧೯೯೩ರಲ್ಲಿ ಜಾರಿಗೆ ಬಂದಾಗಿನಿಂದ ಇಂತಹ ಸಭೆಗಳಲ್ಲಿ ಮೂರರಲ್ಲಿ ಒಂದು ಪಾಲಿಗೆ ಕಡಮೆಯಿಲ್ಲದಂತೆ ಹೆಂಗಸರಿಗೆ ಸ್ಥಾನವಿರಲೇಬೇಕು. ನಗರದ ಆಡಳಿತವೆಂದರೆ ಮನೆವಾರ್ತೆಯ ವಿಸ್ತಾರವೇ ಹೊರತು ಬೇರೆಯಲ್ಲ. ಮನೆವಾರ್ತೆಯನ್ನು ಬಲ್ಲವರು ಅಲ್ಲಿ ಇರುವುದು ಯುಕ್ತವೇ ಆಗಿದೆ.

ಪಾಲಿಕೆಯ ಕಚೇರಿಯ ಹೊರಗಿನ ನೆರಳಿನಲ್ಲಿ ಒಬ್ಬ ಮುದುಕಿಯು ಏಳೆಂಟು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಕೈಯಲ್ಲಿ ಒಂದು ಕಾಗದ. ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ನಮ್ಮ ಮನೆಯವರು ಪಕ್ಕದಲ್ಲಿ ಕುಳಿತು, "ಯಾವ ಓಣಿಯವರಮ್ಮಾ?" ಎಂದು ಮಾತಾಡಿಸಿದರು.

"ಮೋಮಿನಪುರದಾಕಿ ಇದ್ದೀನವ್ವಾ. ಮೊಮ್ಮಗಳ ಹುಟ್ಟಿದ ಕಾಗದಾ ತಗೊಂಡು ಹೋಗಾಕ ಬಂದೀನಿ. ಮಗಾ ಝೆರಾಕ್ಸ್ ಮಾಡಸ್ತೀನಂತ ಹೋಗ್ಯಾನ. ನನಗ ಓದಾಕ ಬರಂಗಿಲ್ಲ. ಇದರಾಗ ಅಕಿ ಹೆಸರು ಸರೀ ಬರದಾರೇನು, ನೋಡಿ ಹೇಳ್ರಿ" ಎಂದಳು.

ನಮ್ಮ ಮನೆಯವರು ಕಾಗದವನ್ನು ತೆಗೆದುಕೊಂಡು ಕೂಸಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಲ್ಲವನ್ನೂ ಬಿಡಿಸಿ ಬಿಡಿಸಿ ಓದಿದರು. ತಾಯಿಯ ಹೆಸರು ಬಂದಾಗ ಮುದುಕಿಯು ತಲೆಯಾಡಿಸಿದಳು. ಎಲ್ಲವೂ ಸರಿಯಾಗಿದ್ದಿತು. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತ, "ನಾ ಹುಟ್ಟಿದ್ದು ಯಾರೂ ಬರದಿಟ್ಟಿಲ್ಲವ್ವಾ. ಮಳಿ ಜೋರ ಬಂದ ವರ್ಷ ಅಂತಿದ್ದಳು ನಮ್ಮವ್ವ. ಇಕಿದು ಬರದಾರ" ಎಂದು ನಕ್ಕಳು.

ಮೋಮಿನ್ ಎಂಬುದು ಅರಬ್ಬೀ ಮಾತು. ನಂಬಿಕೆಯುಳ್ಳವನು ಎಂದು ಅರ್ಥ. ಹಿಂದೂಸ್ಥಾನದ ಹಲವು ಕಡೆಗಳಲ್ಲಿ ಮಗ್ಗದ ಕಸಬಿನ ಮುಸಲ್ಮಾನರಿಗೆ ಈ ಹೆಸರುಂಟು. ನೇಯ್ದವನ ಹೆಸರನ್ನು ಬಟ್ಟೆಯ ಮೇಲೆ ಯಾರೂ ಬರೆಯುವುದಿಲ್ಲ. ಮಸೀದಿಯ ಕಲ್ಲಿನ ಮೇಲೆ ಕಜ್ವೀನದ ರಫಿಯ ಹೆಸರನ್ನು ಬೆಳಗ್ಗೆ ನೆನೆದು ಬಂದ ನಮಗೆ, ಸಂಜೆಯಲ್ಲಿ ಮೋಮಿನಪುರದ ಒಂದು ಹಸುಗೂಸಿನ ಹೆಸರು ಊರಿನ ಪುಸ್ತಕದಲ್ಲಿ ದಾಖಲೆಯಾಗಿರುವುದನ್ನು ಕಂಡಾಗ, ಈ ಊರು ಆರೂವರೆ ಶತಮಾನಗಳಲ್ಲಿ ಎಷ್ಟು ದೂರ ನಡೆದುಬಂದಿದೆಯೆಂಬುದು ತಿಳಿಯಿತು. ರಾಜನ ಊರು ಜನರ ಊರಾದುದಕ್ಕೆ ಆ ನಾಲ್ಕು ಮಡಿಕೆಯ ಕಾಗದಕ್ಕಿಂತ ದೊಡ್ಡ ಶಾಸನ ಬೇಕೆ?

ಈ ಸಂದರ್ಭದಲ್ಲಿ ಮನೆಯವರೆಲ್ಲರೂ ತಿಳಿದಿರಬೇಕಾದ ಒಂದೆರಡು ವಿಷಯಗಳನ್ನು ಹೇಳುವುದು ಉಚಿತ. ೧೯೬೯ರ ಜನನ ಮರಣ ನೋಂದಣಿಯ ಕಾಯಿದೆಯ ಮೇರೆಗೆ ಹುಟ್ಟನ್ನಾಗಲಿ ಸಾವನ್ನಾಗಲಿ ೨೧ ದಿನಗಳೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಆದುದನ್ನು ಆಸ್ಪತ್ರೆಯವರೇ ತಿಳಿಸುವರು, ಮನೆಯಲ್ಲಿ ಆದುದನ್ನು ಮನೆಯವರು ತಿಳಿಸಬೇಕು. ಹೆಸರಿಡುವ ಮೊದಲೇ ದಾಖಲೆಯಾಗಿದ್ದರೆ, ಅನಂತರ ಒಂದು ವರುಷದೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಕಾಯಿದೆಗೆ ೨೦೨೩ರಲ್ಲಿ ಆದ ತಿದ್ದುಪಡಿಯಂತೆ,ಆ ವರುಷದ ಅಕ್ಟೋಬರ್ ೧ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದಕ್ಕೂ ಮತದಾರರ ಪಟ್ಟಿಗೂ ಹುಟ್ಟಿದ ದಿನವನ್ನು ತೋರಿಸುವ ದಾಖಲೆ ಈ ಪತ್ರವೇ. ಆದುದರಿಂದ ನಾಮಕರಣದ ತೊಟ್ಟಿಲನ್ನು ಬಿಚ್ಚುವುದರೊಳಗಾಗಿ ಹೆಸರನ್ನು ಬರೆಯಿಸಿ, ತಾಯಿಯ ಹೆಸರಿನ ಅಕ್ಷರಗಳನ್ನೂ ಒಂದು ಸಲ ಸರಿಯಾಗಿ ನೋಡಿಕೊಳ್ಳುವುದು ಒಳ್ಳೆಯದು.

ಹುಟ್ಟಿನ ಪುಸ್ತಕದ ಪಕ್ಕದಲ್ಲಿಯೇ ಸಾವಿನ ಪುಸ್ತಕವೂ ಇರುವುದು. ೨೦೨೦ರ ಮಾರ್ಚಿಯಲ್ಲಿ ಕೊರೋನಾ ಬೇನೆಯಿಂದ ಭಾರತದಲ್ಲಿ ಮೊದಲನೆಯ ಸಾವು ಆದುದು ಕಲಬುರ್ಗಿಯಲ್ಲಿ. ದೇಶವೆಲ್ಲ ಈ ಊರಿನ ಹೆಸರನ್ನು ಅಂಜಿಕೆಯಿಂದ ಉಚ್ಚರಿಸಿದ ದಿನಗಳವು. ಅಂದು ಎಲ್ಲರೂ ಬಾಗಿಲು ಹಾಕಿಕೊಂಡಾಗ ಬೀದಿಯಲ್ಲಿ ಉಳಿದವರು ದಾದಿಯರೂ ಪೌರಕಾರ್ಮಿಕರೂ. ಈ ಚೌಕದ ಕಸವನ್ನು ಬೆಳಕು ಹರಿಯುವ ಮೊದಲೇ ಗುಡಿಸುವ ಕೈಗಳಿಗೆ ಊರು ಎಷ್ಟು ಋಣಿಯಾಗಿದೆಯೆಂಬುದನ್ನು ಆ ಬೇನೆಯು ಕಲಿಸಿತು. ಕಲಿತುದನ್ನು ಮರೆಯದಿರುವುದು ನಮಗೆ ಸೇರಿದುದು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ತಾಯಂದಿರು ಬಲ್ಲರು. ಗಂಡ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬಾಳುತ್ತಿದ್ದನು. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದುದನ್ನು ಕಂಡು, ಅದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಆಕೆಯು ಹಿಂದಕ್ಕೆ ಕಳುಹಿಸಿದಳು. ಎಲ್ಲರ ಅಕ್ಕಿಯು ಎಲ್ಲರದು. ಒಬ್ಬರು ಒಂದು ಹಿಡಿಯನ್ನು ಹೆಚ್ಚಾಗಿ ತಂದರೆ ಮತ್ತೊಬ್ಬರ ಎಸರಿಗೆ ಕಡಮೆಯಾಗುವುದು. ಪುರಭವನಗಳ ಗೋಡೆಯ ಮೇಲೆ ಬರೆಯಿಸಬೇಕಾದ ಮಾತೊಂದಿದ್ದರೆ ಇದೇ. ಅಲ್ಲಿ ಕುಳಿತು ಆಳುವವರಿಗೆ ಎಷ್ಟೋ, ಕಸವನ್ನು ನೆರೆಮನೆಯ ಮುಂದೆ ಸುರಿದು, ಕೊಳಾಯಿಯನ್ನು ತಿರುಗಿಸದೆ ಬಿಟ್ಟು, ಕಂದಾಯವನ್ನು ಕಟ್ಟದೆ ಇರುವ ನಮಗೂ ಅಷ್ಟೇ ಅದು ಸಲ್ಲುವುದು.

ಕಲಬುರ್ಗಿಗೆ ಹೋಗುವ ವಾಚಕರು ಕೋಟೆಯನ್ನೂ ಮಸೀದಿಯನ್ನೂ ದರ್ಗಾವನ್ನೂ ಶರಣರ ಗುಡಿಯನ್ನೂ ತಪ್ಪದೆ ನೋಡಲಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಚಟ್ನಿಗಳನ್ನು ಉಣ್ಣಲಿ. ಅನಂತರ ಜಗತ್ ಚೌಕದಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತು ಬರಲಿ. ಹೋಗಲು ಅನುಕೂಲವಿಲ್ಲದವರು ತಮ್ಮ ಊರಿನ ಪುರಸಭೆಯ ಬಾಗಿಲಿಗಾದರೂ ಮಕ್ಕಳನ್ನು ಕರೆದುಕೊಂಡು ಒಂದು ಸಲ ಹೋಗಲಿ. ನಮ್ಮ ಹುಟ್ಟು ಬರೆದಿರುವ ಪುಸ್ತಕವು ಇಲ್ಲಿದೆ, ನಮ್ಮ ಬೀದಿಯ ದೀಪದ ಲೆಕ್ಕವು ಇಲ್ಲಿದೆ ಎಂದು ತೋರಿಸಲಿ. ಪಡಸಾಲೆಯನ್ನು ಗುಡಿಸಿ ಸಾರಿಸುವ ಕೆಲಸವು ಮನೆಯವರದೇ. ಅದಕ್ಕಾಗಿ ಬೀಗರು ಬರಲೆಂದು ಯಾರೂ ಕಾಯುವುದಿಲ್ಲ.